ಬೀಗಮ್ಮನ ಎಂಟನೇ ಮೊಳೆ

ಆ ಶಾಲೆಯಲ್ಲಿ ದೊಡ್ಡ ಟೀಚರ್ ಅಂತ ಒಬ್ಬರಿದ್ದರು, ಅವರಿಗಿಂತ ದೊಡ್ಡವಳಾಗಿ ಒಬ್ಬಳು ಆಯಾ ಇದ್ದಳು. ದೊಡ್ಡ ಟೀಚರ್ ಎಂದರೆ ಮುಖ್ಯೋಪಾಧ್ಯಾಯಿನಿ. ಅವರ ಮೇಜಿನ ಮೇಲೆ ಶಾಲೆಯ ಮೊಹರಿತ್ತು. ಆಯಾಳ ಸೊಂಟದಲ್ಲಿ ಶಾಲೆಯ ಬೀಗದ ಕೈಗಳಿದ್ದವು. ಮೊಹರು ಬೀಳದಿದ್ದರೆ ಒಂದು ಕಾಗದ ನಿಲ್ಲುತ್ತದೆ, ಬೀಗ ತೆಗೆಯದಿದ್ದರೆ ಇಡೀ ಶಾಲೆಯೇ ಹೊರಗೆ ನಿಲ್ಲುತ್ತದೆ. ಇಷ್ಟು ತಿಳಿದ ಮಕ್ಕಳು ಅವಳಿಗೆ ಬೀಗಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ‘ಆಯಮ್ಮ’, ಬೆನ್ನಿಗೆ ‘ಬೀಗಮ್ಮ’. ಬೆನ್ನ ಹಿಂದಿನ ಹೆಸರು ಕಿವಿಗೆ ಬಿದ್ದ ದಿನ ಅವಳಿಗೆ ಕೋಪ ಬರಲಿಲ್ಲ. ಸುಮ್ಮನೆ ಬೀಗಿದಳು.

ಬೀಗಲು ಕಾರಣವೂ ಇತ್ತು. ಮೇಲಿನ ಕಚೇರಿಯವರು ವರ್ಷಕ್ಕೊಮ್ಮೆ ಬಂದು ಶಾಲೆಗಳ ಶೌಚಾಲಯ ನೋಡಿ, ಅತ್ಯಂತ ಚೊಕ್ಕಟವಾದದ್ದಕ್ಕೆ ಒಂದು ಸರ್ಟಿಫಿಕೇಟು ಕೊಡುತ್ತಿದ್ದರು. ಏಳು ವರ್ಷ ಸತತವಾಗಿ ಅದು ಈ ಶಾಲೆಗೇ ಬಂದಿತ್ತು. ಏಳೂ ಚೌಕಟ್ಟು ಹಾಕಿಸಿಕೊಂಡು ಕಾರಿಡಾರಿನ ಗೋಡೆಯಲ್ಲಿ ಸಾಲಾಗಿ ನಿಂತಿದ್ದವು. ಎಂಟನೆಯದಕ್ಕೆ ಬೀಗಮ್ಮ ಜೂನ್ ತಿಂಗಳಲ್ಲೇ ಮೊಳೆ ಹೊಡೆದು ಕಾದಿದ್ದಳು. ಹುಟ್ಟದ ಮಗುವಿಗೆ ಕುಲಾವಿ ಹೊಲಿಯಬಾರದು ಅಂತಾರೆ, ಮೊಳೆ ಹೊಡೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ ಎಂಬುದು ಅವಳ ವಾದ.

ಆ ಚೊಕ್ಕಟದ ಗುಟ್ಟು ಬಹಳ ಸರಳ. ಅದನ್ನು ಯಾರೂ ಬಳಸುತ್ತಿರಲಿಲ್ಲ. ಬೆಳಗಿನ ಚಿಕ್ಕ ಬಿಡುವಿನಲ್ಲಿ ಹತ್ತು ನಿಮಿಷ, ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಬಾಗಿಲು ತೆರೆದಿರುತ್ತಿತ್ತು. ಉಳಿದ ಹೊತ್ತು ಹಿತ್ತಾಳೆಯ ಬೀಗ. ಅವಸರವಾದವರು ಕಾರಿಡಾರಿನ ತುದಿಯಲ್ಲಿ, ಗಂಟೆಯ ಕೆಳಗೆ ಸ್ಟೂಲು ಹಾಕಿ ಕೂತ ಬೀಗಮ್ಮನ ಹತ್ತಿರ ಬಂದು ಬೀಗದ ಕೈ ಕೇಳಬೇಕು. ಅದು ಗಡಿ ದಾಟುವಷ್ಟೇ ಕಷ್ಟದ ಕೆಲಸ.

“ಮತ್ತೆ ಬಂದ್ಯಾ? ಹೊಟ್ಟೇಲಿ ನಲ್ಲಿ ಗಿಲ್ಲಿ ಇಟ್ಕೊಂಡಿದೀಯಾ?”

“ಇಲ್ಲ ಆಯಮ್ಮ.”

“ವಾಷರ್ ಹೋಗಿರ್ಬೇಕು. ನಿಮ್ಮಪ್ಪಂಗೆ ಹೇಳಿ ಬದಲಾಯಿಸ್ಕೋ.”

ಅಕ್ಕಪಕ್ಕದ ಎರಡು ತರಗತಿಗೂ ಕೇಳುವಂತೆ ಹೇಳುತ್ತಿದ್ದಳು. ಎರಡು ತರಗತಿಯೂ ನಗುತ್ತಿತ್ತು. ಬೀಗದ ಕೈ ಕೊಡುತ್ತಿದ್ದಳು, ಇಲ್ಲವೆನ್ನುತ್ತಿರಲಿಲ್ಲ. ಆದರೆ ಒಮ್ಮೆ ಕೇಳಿದ ಮಗು ಆ ತಿಂಗಳು ಮತ್ತೆ ಕೇಳುತ್ತಿರಲಿಲ್ಲ. ಮಕ್ಕಳನ್ನು ನಗಿಸುವುದು ತನ್ನ ಕೆಲಸದ ಬೋನಸ್ಸು ಎಂದು ಬೀಗಮ್ಮ ತಿಳಿದಿದ್ದಳು.

ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಕಡ್ಡಿ ಮೈ, ಕಣ್ಣಿನ ಬಿಳಿಯಲ್ಲಿ ತುಸು ಹಳದಿ, ಬಾಯಿ ಮಾತ್ರ ಮೈಗಿಂತ ಎರಡು ಸೈಜು ದೊಡ್ಡದು. ಯಾವುದಕ್ಕೂ ಪುರಾವೆ ಕೇಳುತ್ತಿದ್ದಳು. ತಡವಾಗಿ ಬಂದದ್ದೇಕೆ ಎಂದರೆ, “ನಿಮ್ಮ ಗಡಿಯಾರ ಮುಂದಿದೆಯೋ ನಾನು ಹಿಂದಿದೀನೋ ಮೊದಲು ತೀರ್ಮಾನ ಆಗ್ಲಿ” ಅನ್ನುವಂಥವಳು. ಬೀಗಮ್ಮ ಅವಳನ್ನು ವಕೀಲಮ್ಮ ಎಂದು ಕರೆಯುತ್ತಿದ್ದಳು. ದಿನಕ್ಕೊಂದು ಸಲವಾದರೂ ಇಬ್ಬರ ನಡುವೆ ಒಂದು ಮೊಕದ್ದಮೆ ನಡೆಯದಿದ್ದರೆ ಬೀಗಮ್ಮನಿಗೆ ಕೂತ ಸ್ಟೂಲು ಚುಚ್ಚುತ್ತಿತ್ತು.

ಶಾಲೆ ಶುರುವಾದ ಎರಡನೇ ತಿಂಗಳು ವಕೀಲಮ್ಮ ಒಂದು ವಾರ ಬರಲಿಲ್ಲ. ಎಂಟನೇ ದಿನ ಅವಳ ಅಮ್ಮ ಬಂದಳು. ಬಸ್ ಕಂಡಕ್ಟರು; ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕಿವಿಯ ಮೇಲೆ ಪೆನ್ನು. ಡ್ಯೂಟಿಯ ನಡುವೆ ಬಂದಿದ್ದಳು, ಆದ್ದರಿಂದ ನಿಂತೇ ಮಾತಾಡಿದಳು.

“ನನ್ನ ಮಗಳಿಗೆ ಸಿಕಲ್ ಸೆಲ್ ಇದೆ, ಹುಟ್ಟಿನಿಂದ. ರಕ್ತದ ಕಣ ಗುಂಡಗಿರ್ಬೇಕು, ಇವಳದ್ದು ಕುಡುಗೋಲಿನ ಥರ ಬಾಗ್ತವೆ. ನೀರು ಕಮ್ಮಿಯಾದ್ರೆ, ಚಳಿ ಹತ್ತಿದ್ರೆ, ತೀರಾ ದಣಿದ್ರೆ, ಒಂದಕ್ಕೊಂದು ಸಿಕ್ಕಾಕ್ಕೊಂಡು ಓಣೀಲಿ ಅಡ್ಡ ನಿಂತ ಲಾರಿ ಥರ ನಿಂತುಬಿಡ್ತವೆ. ಹಿಂದಿನದ್ದೆಲ್ಲ ಜಾಮ್. ಎಲ್ಲಿ ಜಾಮೋ ಅಲ್ಲಿ ನೋವು. ಆ ನೋವು ನೋಡೋಕಾಗಲ್ಲ. ಹೋದ ವಾರವೆಲ್ಲ ಅದಕ್ಕೇ ಆಸ್ಪತ್ರೇಲಿದ್ಲು.”

ದೊಡ್ಡ ಟೀಚರ್ “ಅಯ್ಯೋ ಪಾಪ” ಎನ್ನುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಬೀಗಮ್ಮನಿಗೆ ಮಾತ್ರ ವಿಷಯ ಅಚ್ಚುಕಟ್ಟಾಗಿ ಅರ್ಥವಾಗಿತ್ತು. ಇಪ್ಪತ್ತೆರಡು ವರ್ಷ ಕೊಳಾಯಿಗಳ ಜೊತೆ ಸಂಸಾರ ಮಾಡಿದವಳು.

“ಪೈಪು ಕಟ್ಟೋದು,” ಎಂದಳು.

“ಹೂಂ, ಅದೇ.”

“ನೀರು ಹರೀತಾ ಇದ್ರೆ ಕಟ್ಟಲ್ಲ.”

“ಅದೊಂದೇ ಅಲ್ಲ, ಮಾತ್ರೆ ದಿನಾ ಮನೇಲಿ ಕೊಡ್ತೀನಿ. ಉಳಿದಿದ್ದೆಲ್ಲ ಡಾಕ್ಟರು ಈ ಕಾಗದದಲ್ಲಿ ಬರ್ದಿದ್ದಾರೆ, ಓದ್ಕೊಳ್ಳಿ. ನನ್ನ ಬಸ್ಸು ನಿಂತಿದೆ.” ಕಂಡಕ್ಟರು ಓಡಿದಳು.

ಟೈಪು ಮಾಡಿದ ಕಾಗದ. ಇದು ಅಂಟುರೋಗವಲ್ಲ, ಮಗುವನ್ನು ಬೇರೆ ಕೂರಿಸಬೇಡಿ. ಗಂಟೆಗೊಮ್ಮೆ ಒಂದು ಲೋಟ ನೀರು. ತಂಪು ಹೊತ್ತಿನಲ್ಲಿ ಸ್ವೆಟರು. ಆಟದ ನಡುವೆ ವಿರಾಮ. ನೋವು ಸಣ್ಣದಿದ್ದಾಗಲೇ ಬೆಚ್ಚಗೆ ಮಲಗಿಸಿ, ನೀರು ಕೊಟ್ಟು, ಚೀಲದಲ್ಲಿರುವ ಮಾತ್ರೆ ಕೊಡಿ. ಒಂದು ಗಂಟೆಯಲ್ಲಿ ತಗ್ಗದಿದ್ದರೆ, ಜ್ವರ ಬಂದರೆ, ಎದೆ ನೋವೆಂದರೆ ಕಾಯದೆ ಆಸ್ಪತ್ರೆಗೆ. ದೊಡ್ಡ ಟೀಚರ್ ಫೋನಿನಲ್ಲಿ ಮಾತಾಡುತ್ತಲೇ ಅದರ ಮೇಲೆ ಕಣ್ಣಾಡಿಸಿ, “ಬೋರ್ಡಿಗೆ ಹಾಕು” ಎಂದು ಸನ್ನೆ ಮಾಡಿದರು.

ಆ ಶಾಲೆಯಲ್ಲಿ ಗುಂಡುಸೂಜಿಗೆ ನಿಷೇಧವಿತ್ತು. ಹಿಂದೊಮ್ಮೆ ಬೋರ್ಡಿನ ಸೂಜಿ ಗಣಿತದ ಮೇಷ್ಟರ ಕುರ್ಚಿಯನ್ನು ತಲುಪಿ, ಅವರು ಒಂದು ವಾರ ನಿಂತೇ ಭಾಗಾಕಾರ ಕಲಿಸಿದ್ದರು. ಅಂದಿನಿಂದ ಏನಿದ್ದರೂ ಗೋಂದು. ಬೀಗಮ್ಮ ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಕಾಗದದ ಬೆನ್ನಿಗೆ ಮೂಲೆ ಬಿಡದೆ ಗೋಂದು ಬಳಿದಳು. ಹಿಂದೆ ಪೆನ್ನಿನಲ್ಲಿ ಏನೋ ಗೀಚಿದಂತೆ ಕಂಡಿತು. ಕನ್ನಡಕ ಸ್ಟೂಲಿನ ಮೇಲಿತ್ತು. ಡಾಕ್ಟರು ಪೆನ್ನು ಓಡುತ್ತದೋ ಇಲ್ಲವೋ ಎಂದು ನೋಡಿರಬೇಕು ಎಂದುಕೊಂಡು, ಅಂಟುರೋಗವಲ್ಲ ಎಂಬ ಕಾಗದವನ್ನು ಇನ್ನೆಂದೂ ಬಿಡದಂತೆ ಅಂಟಿಸಿದಳು.

ಮಾರನೆಯ ದಿನದಿಂದ ನೀರಿನ ಕಾರ್ಯಕ್ರಮ ಶುರು. ಗಂಟೆ ಬಾರಿಸಿದ ಕೂಡಲೇ ಬೀಗಮ್ಮ ಐದನೇ ತರಗತಿಯ ಕಿಟಕಿಯಲ್ಲಿ ಹಾಜರು.

“ವಕೀಲಮ್ಮ, ಬಾಟಲಿ ತೋರ್ಸು.”

ಹುಡುಗಿ ಬಾಟಲಿ ತಲೆಕೆಳಗು ಮಾಡಿ ತೋರಿಸುತ್ತಿದ್ದಳು. ಖಾಲಿ. ಬೀಗಮ್ಮ ಮತ್ತೆ ತುಂಬಿಸಿ ಕೊಡುತ್ತಿದ್ದಳು. ಮುಂದಿನ ಗಂಟೆಗೆ ಮತ್ತೆ ಖಾಲಿ. ಇಷ್ಟು ವಿಧೇಯಳಾದ ವಕೀಲೆಯನ್ನು ಕಂಡು ಅನುಮಾನ ಬರಬೇಕಿತ್ತು. ಬರಲಿಲ್ಲ. ಹುಡುಗಿಯ ಸ್ವೆಟರಿನ ಗುಂಡಿಯನ್ನೂ ಬೀಗಮ್ಮನೇ ಹಾಕುತ್ತಿದ್ದಳು, ಆಟದ ಮೈದಾನದಲ್ಲಿ ಎರಡು ಸುತ್ತಿಗೊಮ್ಮೆ “ಕೋರ್ಟಿಗೆ ವಿರಾಮ” ಎಂದು ಕೂರಿಸುತ್ತಿದ್ದಳು.

ಆದರೂ ನೋವು ಬಂತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ವಾರ, ಗಣಿತದ ಪಿರಿಯಡ್ಡಿನಲ್ಲಿ. ಹುಡುಗಿ ಕಿರುಚಲಿಲ್ಲ. ಮಾತು ನಿಲ್ಲಿಸಿದಳು. ಮೇಷ್ಟರು ತಪ್ಪು ಲೆಕ್ಕ ಬರೆದರೂ ಆಕ್ಷೇಪಣೆ ಬರದಿದ್ದಾಗ ಇಡೀ ತರಗತಿ ತಿರುಗಿ ನೋಡಿತು. ಎರಡು ಮೊಣಕಾಲನ್ನೂ ಹಿಡಿದು ಬೆಂಚಿನ ಮೇಲೆ ಮುರುಟಿಕೊಂಡಿದ್ದಳು. ಬೀಗಮ್ಮ ಎತ್ತಿಕೊಂಡು ಆಟೋಗೆ ಓಡಿದಳು. ಸೊಂಟದ ಬೀಗದ ಕೈಗಳು ಕಾಲಿಗೆ ತಗುಲುತ್ತವೆಂದು ಹುಡುಗಿ ಮೊದಲ ಸಲ ಬೇಡಿಕೊಂಡಳು: “ಆಯಮ್ಮ, ಅದನ್ನ ಆ ಕಡೆ ಮಾಡಿ.” ಅಷ್ಟೇ ಮಾತು.

ಐದು ದಿನ ಆಸ್ಪತ್ರೆ. ಆರನೇ ದಿನ ಕಂಡಕ್ಟರು ಶಾಲೆಗೆ ಬಂದು ದೊಡ್ಡ ಟೀಚರ ಎದುರು ನಿಂತಳು.

“ನೀವು ನೋಡ್ಕೊಂಡಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಒಂದೇ ವರ್ಷದಲ್ಲಿ ಎರಡು ಸಲ ಆಯ್ತು. ಇನ್ನೊಂದು ಸಲ ಆಸ್ಪತ್ರೆಗೆ ಸೇರಿಸೋ ಹಾಗಾದ್ರೆ ಶಾಲೆ ಬಿಡಿಸ್ತೀನಿ. ಅಜ್ಜಿ ಜೊತೆ ಮನೇಲಿರ್ತಾಳೆ. ಓದು ಹೋದ್ರೆ ಹೋಗ್ಲಿ, ಮಗಳು ಉಳೀಲಿ.”

ಬೀಗಮ್ಮ ಅಡ್ಡ ಬಾಯಿ ಹಾಕಿದಳು. “ಬಾಟಲಿ ಖಾಲಿಯಾಗಿದ್ದನ್ನ ಈ ಕಣ್ಣಲ್ಲೇ ನೋಡಿದೀನಮ್ಮ.”

“ನಾನೂ ನೋಡಿದೀನಿ, ದಿನಾ ಖಾಲೀನೇ ಮನೆಗೆ ಬರತ್ತೆ,” ಎಂದಳು ಕಂಡಕ್ಟರು. ಅದೇ ಅವಳಿಗೂ ಅರ್ಥವಾಗದ ಸಂಗತಿ.

ಶಾಲೆಯಲ್ಲಿ ಮೊಕದ್ದಮೆಗಳಿಲ್ಲದೆ ವಾರ ಕಳೆಯಿತು. ಬೀಗಮ್ಮ ಸ್ಟೂಲಿನ ಮೇಲೆ ಕೂತು ಗೋಡೆಯ ಏಳು ಚೌಕಟ್ಟುಗಳನ್ನು ನೋಡಿದಳು. ಅವು ಅವಳ ಜೊತೆ ವಾದ ಮಾಡಲಿಲ್ಲ.

ಐದನೇ ತರಗತಿಯ ಕಿಟಕಿಯ ಹೊರಗೆ ದೊಡ್ಡ ಟೀಚರ ಪ್ರೀತಿಯ ಕುಂಡವೊಂದಿತ್ತು. ಕಳ್ಳಿ ಗಿಡ. ಹದಿನೈದು ದಿನಕ್ಕೊಮ್ಮೆ ಒಂದು ಚಮಚ ನೀರು ಕೊಟ್ಟರೂ ಬೇಡವೆನ್ನುವ ಜಾತಿ. ಹುಡುಗಿ ಹಿಂತಿರುಗಿದ ಮೂರನೇ ದಿನ ಬೀಗಮ್ಮ ಅದರ ಧೂಳು ಒರೆಸಲು ಹೋದಾಗ ಗಿಡ ಒಂದು ಕಡೆಗೆ ವಾಲಿತ್ತು. ಮುಟ್ಟಿದರೆ ಮೆತ್ತಗೆ. ಬುಡದಲ್ಲಿ ಪಾಚಿ. ಮರುಭೂಮಿಯಲ್ಲಿ ಬದುಕುವ ಗಿಡ ಕಾರಿಡಾರಿನಲ್ಲಿ ನೀರು ಕುಡಿದು ಸತ್ತಿತ್ತು. ಬೀಗಮ್ಮ ಕುಂಡ ನೋಡಿದಳು, ಕಿಟಕಿ ನೋಡಿದಳು, ಕಿಟಕಿಯ ಪಕ್ಕದ ಬೆಂಚು ನೋಡಿದಳು. ಕಳ್ಳಿಯೇ ಕಳ್ಳಿಯನ್ನು ಹಿಡಿದುಕೊಟ್ಟಿತ್ತು.

ಊಟದ ಬಿಡುವಿನಲ್ಲಿ ಹುಡುಗಿಯನ್ನು ಸ್ಟೂಲಿನ ಹತ್ತಿರ ಕರೆದಳು.

“ಆ ಗಿಡಕ್ಕೆ ನೀರು ಹಾಕಿದ್ದು ನೀನಾ?”

“ಸಾಕ್ಷಿ ಇದೆಯಾ?”

“ಪಾಚಿ ಇದೆ.”

ವಕೀಲಮ್ಮ ಯೋಚಿಸಿದಳು. “ಒಪ್ಕೋತೀನಿ.”

“ಅಲ್ವೇ, ನಿನ್ನ ಜೀವಕ್ಕೆ ಅಂತ ತುಂಬ್ಸಿ ಕೊಟ್ರೆ ಮುಳ್ಳಿಗೆ ಹಾಕ್ತೀಯಲ್ಲ, ತಲೆ ಸರಿಯಿದೆಯಾ ನಿಂಗೆ?”

“ಕುಡಿದ್ರೆ ಹೋಗ್ಬೇಕಾಗತ್ತೆ. ಎಲ್ಲರ ಥರ ಒಂದ್ಸಲ ಅಲ್ಲ. ನಾಲ್ಕು ಸಲ, ಐದು ಸಲ. ನನ್ನ ಕಿಡ್ನಿಗೆ ನೀರು ಹಿಡಿದಿಟ್ಕೊಳ್ಳೋಕೆ ಬರಲ್ಲ. ಅದೂ ಈ ಕಾಯಿಲೆಯದ್ದೇ.”

“ಹೋಗು. ಬೇಡ ಅಂದೋರು ಯಾರು?”

ಹುಡುಗಿ ಸೊಂಟಕ್ಕೆ ಕೈಯಿಟ್ಟು, ಕತ್ತು ವಾರೆ ಮಾಡಿ, ಕಾರಿಡಾರಿನ ಕೊನೆಗೂ ಕೇಳುವ ದನಿಯಲ್ಲಿ ಹೇಳಿದಳು: “ಮತ್ತೆ ಬಂದ್ಯಾ? ಹೊಟ್ಟೇಲಿ ನಲ್ಲಿ ಗಿಲ್ಲಿ ಇಟ್ಕೊಂಡಿದೀಯಾ?”

ಅದೇ ಧಾಟಿ, ಅದೇ ಏರಿಳಿತ. ನಡುವೆ ನಗುವವರಿಗೆಂದು ಬಿಡುವ ಜಾಗ ಕೂಡ ಅದೇ. ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಹಂಚಿದ ಹಾಸ್ಯ ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಬೀಗಮ್ಮನಿಗೆ ನಗು ಬರಲಿಲ್ಲ.

“ನಂಗೇನು ಗೊತ್ತಿತ್ತು?” ಎಂದಳು ಸಣ್ಣಗೆ.

“ಕಾಗದದಲ್ಲಿದೆಯಲ್ಲ. ನೀವೇ ಅಂಟ್ಸಿದೀರ.”

“ಅದರಲ್ಲಿ ಅದಿಲ್ಲ.”

“ಹಿಂದುಗಡೆ ಇದೆ. ಡಾಕ್ಟರು ನಾವು ಎದ್ದು ಹೊರಡೋವಾಗ ನೆನಪಾಗಿ ಕೈಯಲ್ಲಿ ಬರ್ದಿದ್ದು.” ಹುಡುಗಿ ನೆಲ ನೋಡುತ್ತ ಸೇರಿಸಿದಳು: “ನೀವೆಲ್ಲ ಓದಿದೀರ, ಗೊತ್ತಿದ್ದೂ ಬೇಕಂತ್ಲೇ ಆಡ್ಕೋತೀರ ಅಂದ್ಕೊಂಡಿದ್ದೆ.”

“ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

“ಅಮ್ಮಾನೂ ಡ್ಯೂಟಿಲಿ ನೀರು ಕುಡಿಯಲ್ಲ. ಬಸ್ ಸ್ಟಾಪಲ್ಲಿ ಹೋಗೋಕೆ ಜಾಗ ಇಲ್ಲ. ಅವಳೇ ತಡ್ಕೋತಾಳೆ, ನಾನು ಏನಂತ ಹೇಳ್ಲಿ?”

ಸಂಜೆ ಶಾಲೆ ಖಾಲಿಯಾದ ಮೇಲೆ ಬೀಗಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೋರ್ಡಿನ ಕಾಗದಕ್ಕೆ ಒತ್ತಿ ಹಿಡಿದಳು. ತನ್ನ ಗೋಂದಿನ ಗಟ್ಟಿತನದ ಬಗ್ಗೆ ಅವಳಿಗೆ ಅಂದು ಮೊದಲ ಬಾರಿಗೆ ಬೇಸರವಾಯಿತು. ಮುಕ್ಕಾಲು ಗಂಟೆ ಕಳೆದರೂ ಒಂದು ಮೂಲೆ ಮಾತ್ರ ಎದ್ದಿತ್ತು. ಮನೆಗೆ ಹೊರಟ ದೊಡ್ಡ ಟೀಚರ್ ನಿಂತರು.

“ಏನ್ ಮಾಡ್ತಾ ಇದೀಯೇ?”

“ಓದ್ತಾ ಇದೀನಿ,” ಎಂದಳು ಬೀಗಮ್ಮ.

ಕೊನೆಗೆ ಕಾಗದ ಬಿಟ್ಟಿತು. ಹಿಂಬದಿಯಲ್ಲಿ ಮಸಿ ಅಲ್ಲಲ್ಲಿ ಹರಡಿತ್ತು, ಆದರೂ ಕನ್ನಡಕಕ್ಕೆ ಸಿಗುವಂತಿತ್ತು. ‘ಬಹಳ ಮುಖ್ಯ: ಈ ಮಗು ಕೇಳಿದಾಗಲೆಲ್ಲ ಶೌಚಾಲಯಕ್ಕೆ ಬಿಡಿ. ತಡೆದರೆ, ಆಡಿಕೊಂಡರೆ, ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ.’ ದೊಡ್ಡ ಟೀಚರ್ ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು. ಫೋನು ಆಗಲೂ ಬಡಿದುಕೊಂಡಿತು, ಎತ್ತಲಿಲ್ಲ.

ಬೀಗಮ್ಮನ ಗಂಡ ನಲವತ್ತು ವರ್ಷ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಜೀವನದ ಏರಿಳಿತವನ್ನು ಅವನಷ್ಟು ಕಂಡವರಿಲ್ಲ. ಮನೆಯಲ್ಲಿ ಅವಳು ವಿಷಯವೆಲ್ಲ ಹೇಳಿ, “ಬೀಗ ತೆಗೆದ್ರೆ ಎಂಟನೇ ಸರ್ಟಿಫಿಕೇಟು ಹೋಯ್ತು ಅಂತ ಲೆಕ್ಕ” ಎಂದಳು.

“ನನ್ನ ಲಿಫ್ಟಿಗೂ ಬೀಗ ಹಾಕಿದ್ರೆ ನಲವತ್ತು ವರ್ಷ ಫಳಫಳ ಅಂತಿತ್ತು ಕಣೇ,” ಎಂದ ಅವನು. “ಆದ್ರೆ ಅದನ್ನ ಲಿಫ್ಟು ಅನ್ನಲ್ಲ. ಕಪಾಟು ಅಂತಾರೆ.”

ಮಾರನೆಯ ಬೆಳಿಗ್ಗೆ ಹಿತ್ತಾಳೆಯ ಬೀಗ ಕಳಚಿತು. ಒಬ್ಬಳಿಗೆ ಮಾತ್ರ ಬಾಗಿಲು ತೆರೆದರೆ ಅದೂ ಒಂದು ಗೇಲಿಯೇ ಎಂದು ಬೀಗಮ್ಮ ಎಲ್ಲರಿಗೂ ತೆರೆದಳು. ಇನ್ಸ್‌ಪೆಕ್ಷನ್‌ಗೆ ಆರು ವಾರವಿತ್ತು. ಮೊದಲ ವಾರ ಎರಡು ಸೋಪು ಮಾಯವಾದವು. ಒಂದು ಬಾಗಿಲ ಹಿಂದೆ ಗಣಿತದ ಮೇಷ್ಟರ ಚಿತ್ರ ಮೂಡಿತು. ಮೂಗು ಚೆನ್ನಾಗಿ ಬಂದಿತ್ತು ಎನ್ನುವುದನ್ನು ಅವಳೂ ಒಪ್ಪಬೇಕಾಯಿತು. ದಿನಕ್ಕೆರಡು ಸಲ ಒರೆಸುತ್ತಿದ್ದ ನೆಲವನ್ನು ಏಳು ಸಲ ಒರೆಸಿದಳು.

ಬೀಗ ಹೋದರೂ ಹುಡುಗಿ ಬಾಟಲಿ ಎತ್ತಲು ಹಿಂದೆಮುಂದೆ ನೋಡಿದಳು. ಬಾಗಿಲು ಒಂದು ದಿನದಲ್ಲಿ ತೆರೆಯಬಹುದು, ನಾಚಿಕೆಯ ಚಿಲಕ ನಿಧಾನ. ಬೀಗಮ್ಮ ಬೇರೆ ದಾರಿ ಹಿಡಿದಳು. ಗಂಟೆ ಬಾರಿಸಿ, ಕಿಟಕಿಯ ಹೊರಗೆ ನಿಂತು, ತಾನೂ ಒಂದು ಲೋಟ ನೀರು ಎತ್ತಿ ಕುಡಿದಳು. ನಿಜ ಹೇಳಬೇಕೆಂದರೆ ಅವಳೂ ಎಷ್ಟೋ ವರ್ಷದಿಂದ ಶಾಲೆಯಲ್ಲಿ ನೀರು ಮುಟ್ಟಿರಲಿಲ್ಲ. ತೊಳೆದ ನೆಲ ತಾನೇ ತುಳಿಯಬೇಕಲ್ಲ ಎಂದು. ಮೂರನೇ ಗಂಟೆಗೆ ಅವಳ ಮುಖ ನೋಡಿಯೇ ಹುಡುಗಿ ಕೇಳಿದಳು:

“ಏನಾಯ್ತು ಆಯಮ್ಮ?”

“ಹೋಗ್ಬೇಕು ಕಣೇ. ಜೊತೆಗೆ ಬಾ.”

“ಹೊಟ್ಟೇಲಿ ನಲ್ಲಿ ಗಿಲ್ಲಿ—”

“ಇದೆ. ವಾಷರೂ ಹೋಗಿದೆ. ನಡಿ.”

ಇಬ್ಬರೂ ಕಾರಿಡಾರಿನಲ್ಲಿ ಓಡುನಡಿಗೆಯಲ್ಲಿ ಹೋದರು. ಎರಡು ತರಗತಿ ನಕ್ಕಿತು. ಈ ಸಲ ನಗುವನ್ನು ಇಬ್ಬರೂ ಹಂಚಿಕೊಂಡದ್ದರಿಂದ ಯಾರಿಗೂ ಭಾರವಾಗಲಿಲ್ಲ. ಅಂದಿನಿಂದ ಬಾಟಲಿ ಖಾಲಿಯಾಗುತ್ತಿದ್ದುದು ಹೊಟ್ಟೆಗೇ ಎನ್ನುವುದಕ್ಕೆ ದಿನಕ್ಕೆ ಐದು ಪುರಾವೆಗಳಿದ್ದವು.

ಇನ್ಸ್‌ಪೆಕ್ಷನ್ನಿನ ದಿನ ಬಂತು. ಹನ್ನೊಂದಕ್ಕೆ ಬರುತ್ತಾರೆ ಎಂದು ಬೀಗಮ್ಮ ಹತ್ತೂಕಾಲಿಗೆ ಬಕೆಟ್ಟು ಹಿಡಿದು ಕೊನೆಯ ಸುತ್ತಿಗೆ ಹೊರಟಳು. ಶೌಚಾಲಯದೊಳಗೆ ಕಾಲಿಡುವಷ್ಟರಲ್ಲಿ ವಕೀಲಮ್ಮ ಎದುರಿಗೆ ಬಂದು ನಿಂತಳು. ಸ್ವಲ್ಪ ಕುಂಟುತ್ತಿದ್ದಳು.

“ಆಯಮ್ಮ, ಕಾಲಿನ ಮೂಳೆ ಹತ್ರ ನೋವು. ಸಣ್ಣದು. ಸಣ್ಣದಿರೋವಾಗ್ಲೇ ಹೇಳ್ಬೇಕು ಅಂತಲ್ವಾ, ಅದಕ್ಕೆ ಹೇಳ್ದೆ.”

ಬೀಗಮ್ಮ ಬಕೆಟ್ಟನ್ನು ಇದ್ದಲ್ಲೇ ಇಟ್ಟಳು. ಹಣೆ ಮುಟ್ಟಿದಳು, ಜ್ವರವಿಲ್ಲ. “ಎದೆ?” “ಇಲ್ಲ.” ಸ್ಟೋರ್ ರೂಮಿನಲ್ಲಿ ಚಾಪೆ ಹಾಸಿ, ಸ್ವೆಟರಿನ ಮೇಲೆ ತನ್ನ ಶಾಲು ಹೊದಿಸಿ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲಿಗಿಟ್ಟಳು. ಹುಡುಗಿಯ ಚೀಲದ ಮಾತ್ರೆ ಕೊಟ್ಟಳು, ನೀರು ಕುಡಿಸಿದಳು. ದೊಡ್ಡ ಟೀಚರ್ ಕಂಡಕ್ಟರಿಗೆ ಫೋನು ಮಾಡಿ, ಆಟೋವನ್ನು ಗೇಟಿನಲ್ಲೇ ನಿಲ್ಲಿಸಿದರು. ಗೋಡೆಯ ಗಡಿಯಾರಕ್ಕೆ ಒಂದು ಗಂಟೆ ಗಡುವು.

“ನೆಲ ಒರೆಸ್ಬೇಕಲ್ವಾ ನೀವು?” ಎಂದಳು ಹುಡುಗಿ.

“ನೆಲ ಎಲ್ಲೂ ಓಡಿಹೋಗಲ್ಲ. ನೀರು ಕುಡಿ.”

“ಸರ್ಟಿಫಿಕೇಟು?”

“ಅದಕ್ಕೆ ಕಾಲಿಲ್ಲ, ನೋವೂ ಇಲ್ಲ. ಕುಡಿ ಅಂದ್ನಲ್ಲ.”

ಹನ್ನೊಂದಕ್ಕೆ ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಶೌಚಾಲಯದ ಬಾಗಿಲು ತೆರೆದಿತ್ತು, ನೆಲದಲ್ಲಿ ಮೂರನೇ ತರಗತಿಯ ಹೆಜ್ಜೆಗಳಿದ್ದವು, ನಡುವೆ ಅನಾಥ ಬಕೆಟ್ಟು. ಬಂದವರು ಏನೋ ಬರೆದುಕೊಂಡರು. ಅದೇ ಹೊತ್ತಿಗೆ ಬೀಗಮ್ಮ ಹುಡುಗಿಯನ್ನು ಭುಜಕ್ಕೆ ಆನಿಸಿಕೊಂಡು ಅವರ ನಡುವಿನಿಂದಲೇ ಒಳಗೆ ಹೋದಳು. “ಸ್ವಲ್ಪ ದಾರಿ ಬಿಡಿ ಸಾರ್, ಅರ್ಜೆಂಟು.” ಏಳು ವರ್ಷದಲ್ಲಿ ಆ ಶೌಚಾಲಯವನ್ನು ಯಾರಾದರೂ ಬಳಸುವುದನ್ನು ಅವರು ಕಂಡದ್ದು ಅದೇ ಮೊದಲು.

ಹನ್ನೊಂದೂ ಹತ್ತಕ್ಕೆ, ಗಡುವಿಗೆ ಇನ್ನೂ ಸ್ವಲ್ಪ ಇರುವಾಗ, ಹುಡುಗಿ ಮಲಗಿದಲ್ಲಿಂದಲೇ ಹೇಳಿದಳು: “ಆಯಮ್ಮ, ಈ ಗಡಿಯಾರ ಎರಡು ನಿಮಿಷ ಮುಂದಿದೆ.” ಬೀಗಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಕ್ಷೇಪಣೆ ಬಂದಿತ್ತು, ನೋವು ಇಳಿಯುತ್ತಿತ್ತು. ಸಂಜೆ ಕಂಡಕ್ಟರು ಡಾಕ್ಟರಿಗೆ ತೋರಿಸಿದಳು. ಮನೆಯಲ್ಲೇ ಎರಡು ದಿನ ವಿಶ್ರಾಂತಿ ಎಂದರಂತೆ. ಆಸ್ಪತ್ರೆಯ ಹಾಸಿಗೆ ಬೇಕಾಗಲಿಲ್ಲ.

ಸರ್ಟಿಫಿಕೇಟು ಬೇರೆ ಶಾಲೆಗೆ ಹೋಯಿತು. ಮಾರನೆಯ ದಿನ ಬೀಗಮ್ಮ ಎಂಟನೇ ಮೊಳೆಗೆ ಹಿತ್ತಾಳೆಯ ಬೀಗ ನೇತುಹಾಕಿದಳು.

“ಬೀಗಕ್ಕೆ ಯಾಕೆ ಅಷ್ಟು ಮರ್ಯಾದೆ?” ಎಂದಳು ವಕೀಲಮ್ಮ.

“ರಿಟೈರ್ ಆಗಿದೆ. ಅದಕ್ಕೂ ಒಂದು ಜಾಗ ಬೇಡ್ವಾ?”

ವಾರ್ಷಿಕ ಪರೀಕ್ಷೆಯನ್ನು ಹುಡುಗಿ ಪೂರ್ತಿ ಬರೆದಳು. ಪ್ರತಿ ಪೇಪರಿಗೂ ಎರಡು ಸಲ ಎದ್ದು ಹೋಗಿಬಂದು, ಆಮೇಲೂ ಹೆಚ್ಚುವರಿ ಹಾಳೆ ಕೇಳಿದಳು. ಕೊನೆಯ ದಿನ ಮಧ್ಯಾಹ್ನ ಕಂಡಕ್ಟರು ಬಂದಳು, ಎಂದಿನಂತೆ ಡ್ಯೂಟಿಯ ನಡುವೆ, ಆರನೇ ತರಗತಿಯ ಫಾರಂ ತುಂಬಲು. ನಿಂತೇ ತುಂಬಿದಳು. ಸಹಿ ಹಾಕಿ ಹೊರಟವಳು ಕಾರಿಡಾರಿನಲ್ಲಿ ತಡೆದು, ಬೀಗಮ್ಮನ ಹತ್ತಿರ ಬಂದು, ದನಿ ಇಳಿಸಿದಳು.

“ಆಯಮ್ಮ, ಬೆಳಿಗ್ಗೆ ಆರಕ್ಕೆ ಬಸ್ ಹತ್ತಿದ್ದು. ಇಲ್ಲಿ ಸ್ವಲ್ಪ... ಬೀಗದ ಕೈ ಯಾರನ್ನ ಕೇಳ್ಬೇಕು?”

“ಯಾರನ್ನೂ ಕೇಳ್ಬೇಡಿ. ತೆರೆದಿದೆ, ಹೋಗಿ,” ಎಂದಳು ಬೀಗಮ್ಮ.

ಕಂಡಕ್ಟರು ಹೊರಗೆ ಬರುವಷ್ಟರಲ್ಲಿ ಬೀಗಮ್ಮ ಒಂದು ಲೋಟ ನೀರು ತುಂಬಿಸಿ ಹಿಡಿದು ನಿಂತಿದ್ದಳು. ಕಂಡಕ್ಟರು ಬಸ್ಸಿನ ಕಡೆ ನೋಡಿದಳು, ಲೋಟ ನೋಡಿದಳು.

“ಈಗ ಕುಡಿದ್ರೆ ಮುಂದಿನ ಟ್ರಿಪ್ಪಲ್ಲಿ ತೊಂದ್ರೆ ಕಣಮ್ಮ.”

“ನಿಮ್ಮ ಬಸ್ಸು ಈ ಗೇಟಿನ ಮುಂದೇನೇ ಅಲ್ವಾ ತಿರುಗೋದು? ಕುಡೀರಿ. ವಕೀಲಮ್ಮ ನೋಡ್ತಾ ಇದಾಳೆ.”

ಕಂಡಕ್ಟರು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ತಲೆಕೆಳಗು ಮಾಡಿ ಮಗಳಿಗೆ ತೋರಿಸಿ, ಬಸ್ಸಿಗೆ ಓಡಿದಳು.